ದಿಗ್ಗೇವಾಡಿಯ ಹುಡುಗಿಗೆ ಮೂರು ಕಾಲೇಜು: ಆರಿಸುವವರು ಯಾರು?



ರಾಯಬಾಗ ತಾಲೂಕಿನ ದಿಗ್ಗೇವಾಡಿ ಕೃಷ್ಣೆಯ ದಂಡೆಯ ಊರು. ಅಲ್ಲಿಯ ನಮ್ಮ ಒಬ್ಬ ಸಂಗಾತಿ ಸಕ್ಕರೆ ಕಾರಖಾನೆಯಲ್ಲಿ ಹಂಗಾಮಿನ ಕಾಮಗಾರ. ಒಂದೂವರೆ ಎಕರೆ ಕಬ್ಬು ಇದೆ. ಪಗಾರ, ಕಬ್ಬು ಎರಡೂ ಕೂಡಿದರೆ ವರ್ಷಕ್ಕೆ ಮೂರು ಲಕ್ಷದ ಒಳಗಿನ ಸಂಸಾರ. ಮಗಳು ಕನ್ನಡ ಸಾಲಿಯಲ್ಲಿ ಕಲಿತು, ಪಿ.ಯು. ವಿಜ್ಞಾನ ಮುಗಿಸಿ, ಸಿ.ಇ.ಟಿ. ಬರೆದು ಒಳ್ಳೆಯ ಸ್ಥಾನವನ್ನೇ ಗಳಿಸಿದಳು. ಆ ಮನೆಯಲ್ಲಿ ಇಂಜಿನಿಯರಿಂಗಿನ ಬಾಗಿಲವರೆಗೆ ಹೋದ ಮೊದಲ ಕೂಸು ಅವಳು.

ಆ ಸಂಗಾತಿ ಒಂದು ಸಂಜೆ ಮೂರು ಕಾಗದ ಹಿಡಿದುಕೊಂಡು ನಮ್ಮ ಕಚೇರಿಗೆ ಬಂದ. ಒಂದು, ರಾಜ್ಯದ ಪರೀಕ್ಷಾ ಪ್ರಾಧಿಕಾರ ಹಂಚಿಕೆ ಮಾಡಿದ ಸೀಟು: ದೂರದ ಜಿಲ್ಲೆಯ ಸರಕಾರಿ ಕಾಲೇಜಿನಲ್ಲಿ ಸಿವಿಲ್ ವಿಭಾಗ. ಎರಡನೆಯದು, ಮನೆಯಿಂದ ಬಸ್ಸಿನಲ್ಲಿ ಹೋಗಿಬರಬಹುದಾದ ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟು: ಇಲೆಕ್ಟ್ರಾನಿಕ್ಸ್. ಮೂರನೆಯದು ಕಾಗದವೂ ಅಲ್ಲ, ಒಬ್ಬ ದಲಾಲ ಫೋನಿನಲ್ಲಿ ಹೇಳಿದ್ದನ್ನು ಬರೆದುಕೊಂಡ ಚೀಟಿ: ಬೆಂಗಳೂರಿನಲ್ಲಿ ಕಂಪ್ಯೂಟರ್ ಸೈನ್ಸ್, ವರ್ಷಕ್ಕೆ ಮೂರು ಲಕ್ಷ, ಅದರ ಮೇಲೆ ರಸೀದಿ ಇಲ್ಲದ ರೊಕ್ಕ ಬೇರೆ.

"ಅಣ್ಣಾ, ಯಾವುದು ಆರಸ್ಲಿ ಹೇಳ್ರಿ. ನಾಡದ ಕಡೀ ದಿನ ಐತಿ," ಎಂದ.

ಆ ಪ್ರಶ್ನೆಗೆ ಆ ಸಂಜೆ ನಾವು ಕೊಟ್ಟ ಉತ್ತರವನ್ನು ಮುಂದೆ ಬರೆಯುತ್ತೇವೆ. ಆದರೆ ಮೊದಲು ಹೇಳಬೇಕಾದ ಮಾತು ಬೇರೆ ಇದೆ. ಪ್ರತಿ ವರ್ಷ ಜೂನ್-ಜುಲೈ ಬಂತೆಂದರೆ ಪತ್ರಿಕೆಗಳ ಪುಟಪುಟಗಳಲ್ಲಿ ಜಾಹೀರಾತು: "ಸರಿಯಾದ ಕಾಲೇಜನ್ನು ಆರಿಸಿಕೊಳ್ಳಿ, ನಿಮ್ಮ ಭವಿಷ್ಯ ನಿಮ್ಮ ಕೈಯಲ್ಲಿ." ಬಡವನ ಕೈಯಲ್ಲಿ ಏನಿದೆ? ಆರಿಸುವುದೆಂದರೆ ಎರಡು ಒಳ್ಳೆಯದರಲ್ಲಿ ಒಂದನ್ನು ಹಿಡಿಯುವುದು. ಹೊಲ ಮಾರಬೇಕೋ, ಸಾಲ ಮಾಡಬೇಕೋ, ಮಗಳನ್ನು ಮನೆಯಲ್ಲಿ ಕೂಡ್ರಿಸಬೇಕೋ ಎಂದು ಯೋಚಿಸುವುದನ್ನು ಆಯ್ಕೆ ಎಂದು ಕರೆಯುವುದು ಶುದ್ಧ ಮೋಸ.

ಕಬ್ಬಿನ ತಕ್ಕಡಿಯಲ್ಲಿ ತೂಗೋಣ

ಲಕ್ಷಗಳ ಲೆಕ್ಕ ನಮ್ಮ ಜನಕ್ಕೆ ಕಣ್ಣಿಗೆ ಕಟ್ಟುವುದಿಲ್ಲ. ಟನ್ನಿನ ಲೆಕ್ಕ ಕಟ್ಟುತ್ತದೆ. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರೈತರು ಹಗಲು ರಾತ್ರಿ ಕೂತರು. ಟನ್ನಿಗೆ 3,500 ರೂಪಾಯಿ ಕೊಡಿ ಎಂದು ಕೇಳಿದರು. ಕೊನೆಗೆ ಸರಕಾರ ಒಪ್ಪಿದ್ದು 3,300. ಅದೇ ತಕ್ಕಡಿಯಲ್ಲಿ ಈ ಮೂರು ಸೀಟುಗಳನ್ನು ತೂಗೋಣ.

ಸರಕಾರಿ ಕಾಲೇಜಿನ ಶುಲ್ಕ ವರ್ಷಕ್ಕೆ ಸುಮಾರು ನಾಲ್ವತ್ತು ಸಾವಿರ. ವಸತಿ, ಊಟ, ಪುಸ್ತಕ, ಪ್ರವಾಸಕ್ಕೆ ಅರವತ್ತು ಸಾವಿರ ಹಿಡಿಯಿರಿ. ನಾಲ್ಕು ವರ್ಷಕ್ಕೆ ನಾಲ್ಕು ಲಕ್ಷ. ಅಂದರೆ ನೂರಾ ಇಪ್ಪತ್ತೊಂದು ಟನ್ನು ಕಬ್ಬು. ಸಮೀಪದ ಖಾಸಗಿ ಕಾಲೇಜು ಕೇಳಿದ್ದು ವರ್ಷಕ್ಕೆ ಒಂದೂವರೆ ಲಕ್ಷ. ಮನೆಯ ಊಟ, ಬಸ್ಸಿನ ಪ್ರವಾಸ. ನಾಲ್ಕು ವರ್ಷಕ್ಕೆ ಆರು ಲಕ್ಷ, ಅಂದರೆ ನೂರಾ ಎಂಬತ್ತೆರಡು ಟನ್ನು. ಬೆಂಗಳೂರಿನದು ಶುಲ್ಕ ಮೂರು ಲಕ್ಷ, ಇರುವ ಖರ್ಚು ಒಂದು ಲಕ್ಷ ಇಪ್ಪತ್ತು ಸಾವಿರ. ನಾಲ್ಕು ವರ್ಷಕ್ಕೆ ಹದಿನಾರು ಲಕ್ಷ ಎಂಬತ್ತು ಸಾವಿರ. ಐನೂರಾ ಒಂಬತ್ತು ಟನ್ನು! ರಸೀದಿ ಇಲ್ಲದ ರೊಕ್ಕ ಇದರಲ್ಲಿ ಸೇರಿಲ್ಲ.

ಎಕರೆಗೆ ನಾಲ್ವತ್ತು ಟನ್ನು ಬೆಳೆದರೆ ಒಳ್ಳೆಯ ಬೆಳೆ. ನಮ್ಮ ಸಂಗಾತಿಯ ಒಂದೂವರೆ ಎಕರೆಯಲ್ಲಿ ವರ್ಷಕ್ಕೆ ಅರವತ್ತು ಟನ್ನು. ಬೀಜ, ಗೊಬ್ಬರ, ನೀರು, ಕಡಿಯುವ ಕೂಲಿ ಒಂದನ್ನೂ ಕಳೆಯದೆ, ಒಂದು ಕಾಸೂ ತಿನ್ನದೆ ಕೊಟ್ಟರೂ ಬೆಂಗಳೂರಿನ ಸೀಟಿಗೆ ಎಂಟೂವರೆ ವರ್ಷದ ಬೆಳೆ ಬೇಕು. ಕಾಲೇಜು ಮುಗಿಯುವುದು ನಾಲ್ಕೇ ವರ್ಷದಲ್ಲಿ!

"ಬ್ಯಾಂಕಿನಲ್ಲಿ ಶಿಕ್ಷಣ ಸಾಲ ಇದೆಯಲ್ಲ" ಎಂದು ಬುದ್ಧಿವಂತರು ಹೇಳುತ್ತಾರೆ. ಎಂಟು ಲಕ್ಷ ಸಾಲ, ನೂರಕ್ಕೆ ಹತ್ತು ಬಡ್ಡಿ, ಹತ್ತು ವರ್ಷದ ಕಂತು ಎಂದು ಹಿಡಿದರೆ ತಿಂಗಳಿಗೆ ಹತ್ತೂವರೆ ಸಾವಿರ ಕಟ್ಟಬೇಕು. ಓದುವ ಕಾಲದ ಬಡ್ಡಿ ಬೇರೆ. ದೊಡ್ಡ ಸಾಫ್ಟ್‌ವೇರ್ ಕಂಪನಿಗಳು ಹೊಸಬರಿಗೆ ಕೊಡುವ ಪಗಾರ ಹತ್ತು ಹದಿನೈದು ವರ್ಷಗಳಿಂದ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ಕುಂಟುತ್ತಿದೆ. ಶುಲ್ಕ ಮಾತ್ರ ವರ್ಷವರ್ಷವೂ ಏರುತ್ತಿದೆ. ತಂದೆ ಸಾಹುಕಾರನಿಗೆ ದುಡಿದ, ಮಗಳು ಬ್ಯಾಂಕಿಗೆ ದುಡಿಯುತ್ತಾಳೆ. ಇದಕ್ಕೆ ಉದ್ಧಾರ ಎಂದು ಹೆಸರು!

ಈ ಸಂತೆ ಹೇಗೆ ನೆರೆಯಿತು?

1956ರ ಏಕೀಕರಣದ ಮೊದಲು ನಾವು ಮುಂಬಯಿ ಪ್ರಾಂತದವರು. ಇಂಜಿನಿಯರಿಂಗ್ ಕಲಿಯಬೇಕಾದರೆ ಈ ಭಾಗದ ಹುಡುಗ ಪುಣೆಯ ಹಾದಿ ಹಿಡಿಯಬೇಕಿತ್ತು. 1947ರಲ್ಲಿ ಸಾಂಗ್ಲಿಯಲ್ಲೊಂದು, ಹುಬ್ಬಳ್ಳಿಯಲ್ಲೊಂದು ಕಾಲೇಜು ಹುಟ್ಟಿದವು. ಹುಬ್ಬಳ್ಳಿಯ ಕಾಲೇಜನ್ನು ಕಟ್ಟಿದ್ದು ಕೆ.ಎಲ್.ಇ. ಸಂಸ್ಥೆ. ಆ ಸಂಸ್ಥೆಯನ್ನು 1916ರಲ್ಲಿ ಬೆಳಗಾವಿಯಲ್ಲಿ ಸ್ಥಾಪಿಸಿದವರು ಏಳು ಜನ ಶಿಕ್ಷಕರು. ದಾನಿಗಳು ಕೊಟ್ಟರು, ಜನ ಕೊಟ್ಟರು, ಶಿಕ್ಷಕರು ತಮ್ಮ ಬಾಳನ್ನೇ ಕೊಟ್ಟರು. ಅದು ವಿದ್ಯೆಯನ್ನು ದಾನವೆಂದು ತಿಳಿದ ಕಾಲ. ಸರಕಾರವೂ ಆಗ ಕೈಕಟ್ಟಿ ಕೂತಿರಲಿಲ್ಲ. 1917ರಲ್ಲೇ ಬೆಂಗಳೂರಿನಲ್ಲಿ ವಿಶ್ವೇಶ್ವರಯ್ಯನವರು ಇಂಜಿನಿಯರಿಂಗ್ ಕಾಲೇಜು ತೆರೆಸಿದ್ದರು. 1960ರಲ್ಲಿ ಸುರತ್ಕಲ್ಲಿನ ಕಾಲೇಜು ಎದ್ದಿತು.

ಆ ಮೇಲೆ ಏನಾಯಿತು? ಸರಕಾರ ಹಿಂದೆ ಸರಿಯಿತು, ಬಂಡವಾಳ ಮುಂದೆ ಬಂತು. ಕ್ಯಾಪಿಟೇಶನ್ ಎಂಬ ಹೊಸ ಕಂದಾಯ ಹುಟ್ಟಿತು. ಜನರ ಕೂಗು ತಡೆಯಲಾರದೆ 1984ರಲ್ಲಿ ಕರ್ನಾಟಕದ ವಿಧಾನಮಂಡಲ ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಕಾಯಿದೆ ಮಾಡಿತು. ತಪ್ಪಿದವರಿಗೆ ಜೈಲು ಎಂದು ಅದರಲ್ಲಿ ಬರೆದಿದೆ. ಬರೆದ ಕಾಗದ ಕಪಾಟಿನಲ್ಲಿ ಉಳಿಯಿತು.

1992ರಲ್ಲಿ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿಯ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. ಕರ್ನಾಟಕದ ಒಂದು ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರಕಾರಿ ಸೀಟಿಗೆ ವರ್ಷಕ್ಕೆ ಎರಡು ಸಾವಿರ ಇದ್ದರೆ, ಹೊರರಾಜ್ಯದ ಆಕೆಗೆ ಅರವತ್ತು ಸಾವಿರ. ವಿದ್ಯೆ ಮಾರುವ ಸರಕಲ್ಲ, ಅದು ಹಕ್ಕು ಎಂಬ ಅರ್ಥದ ತೀರ್ಪು ಬಂತು. ಮರುವರ್ಷ, 1993ರಲ್ಲಿ, ಉನ್ನಿಕೃಷ್ಣನ್ ಮೊಕದ್ದಮೆಯ ತೀರ್ಪು ಅರ್ಧ ಸೀಟನ್ನು ಯೋಗ್ಯತೆಯ ಮೇಲೆ ಸರಕಾರಿ ದರದಲ್ಲಿ ಕೊಡಬೇಕೆಂದಿತು. 1994ರಲ್ಲಿ ನಮ್ಮ ರಾಜ್ಯದಲ್ಲಿ ಸಿ.ಇ.ಟಿ. ಶುರುವಾಯಿತು. ಹಳ್ಳಿಯ ಬಡವರ ಮಕ್ಕಳು ಸಾಲಾಗಿ ಇಂಜಿನಿಯರರಾಗಿದ್ದು ಆ ನಂತರವೇ. ಇದನ್ನು ಮರೆಯಬಾರದು.

ಆದರೆ ಪಟ್ಟಭದ್ರರು ಸುಮ್ಮನಿರುತ್ತಾರೆಯೇ? 2002ರಲ್ಲಿ ಟಿ.ಎಂ.ಎ. ಪೈ ಮೊಕದ್ದಮೆಯಲ್ಲಿ ಹನ್ನೊಂದು ನ್ಯಾಯಾಧೀಶರ ಪೀಠ ಆ ಹಳೆಯ ವ್ಯವಸ್ಥೆಯನ್ನು ತೆಗೆದುಹಾಕಿತು. 2005ರ ಇನಾಮದಾರ ತೀರ್ಪು, ಅನುದಾನ ಪಡೆಯದ ಖಾಸಗಿ ಕಾಲೇಜುಗಳ ಮೇಲೆ ಸರಕಾರ ತನ್ನ ಪಾಲಿನ ಸೀಟನ್ನು ಹೇರುವಂತಿಲ್ಲ ಎಂದಿತು. ಅಂದಿನಿಂದ ಸರಕಾರ ಹಕ್ಕಿನಿಂದ ಕೇಳುವುದನ್ನು ಬಿಟ್ಟು ಖಾಸಗಿ ಆಡಳಿತ ಮಂಡಳಿಗಳ ಜೊತೆ ಕೂತು ಒಪ್ಪಂದ ಮಾಡಿಕೊಳ್ಳುತ್ತಿದೆ. ಆ ಒಪ್ಪಂದದ ಪ್ರಕಾರ ಸಾಮಾನ್ಯ ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ನೂರಕ್ಕೆ 45 ಸೀಟು ಸರಕಾರದ ಪಾಲು, 30 ಕಾಮೆಡ್-ಕೆ ಪರೀಕ್ಷೆಯದು, ಉಳಿದ 25 ಆಡಳಿತ ಮಂಡಳಿಯದು. ಸರಕಾರದ ಪಾಲು ಎಂದು ಕರೆಯುವ ಸೀಟಿಗೂ ಈಗ ವರ್ಷಕ್ಕೆ ಒಂದು ಲಕ್ಷದ ಆಸುಪಾಸು. ಒಬ್ಬ ಹಂಗಾಮಿ ಕಾಮಗಾರನ ಅರ್ಧ ವರ್ಷದ ದುಡಿಮೆ!

ಅಷ್ಟಕ್ಕೂ ತೃಪ್ತಿಯಿಲ್ಲ. 2024ರಲ್ಲಿ ಸೀಟು ತಡೆಹಿಡಿಯುವ ದಂಧೆ ಬಯಲಿಗೆ ಬಂತು. ಯಾರದೋ ಹೆಸರಿನಲ್ಲಿ ಬೇಡಿಕೆಯ ಸೀಟನ್ನು ಹಿಡಿಸುವುದು, ಆತ ಕೊನೆಗೆ ಕಾಲೇಜಿಗೆ ಸೇರದಿರುವುದು, ಖಾಲಿ ಉಳಿದ ಸೀಟು ಆಡಳಿತ ಮಂಡಳಿಯ ಕೈಸೇರಿ ದುಬಾರಿ ಬೆಲೆಗೆ ಮಾರಾಟವಾಗುವುದು. ಪರೀಕ್ಷಾ ಪ್ರಾಧಿಕಾರವೇ ಪೊಲೀಸರಿಗೆ ದೂರು ಕೊಟ್ಟಿತು, ಹಲವರ ಬಂಧನವೂ ಆಯಿತು. ಕಾಳಸಂತೆಯಲ್ಲಿ ಸಕ್ಕರೆ ಬಚ್ಚಿಟ್ಟವನನ್ನು ನಮ್ಮ ಹಿರಿಯರು ಕಂಡಿದ್ದರು. ಸೀಟು ಬಚ್ಚಿಡುವವರನ್ನು ನಾವು ಕಾಣುತ್ತಿದ್ದೇವೆ.

ಅವರ ವಾದ, ನಮ್ಮ ಜವಾಬು

ಎದುರಾಳಿಗಳ ಮಾತನ್ನೂ ಕೇಳೋಣ. "ಖಾಸಗಿಯವರು ಕಾಲೇಜು ಕಟ್ಟದಿದ್ದರೆ ನಿಮ್ಮ ಮಕ್ಕಳಿಗೆ ಈ ಸೀಟೂ ಇರುತ್ತಿರಲಿಲ್ಲ" ಎನ್ನುತ್ತಾರೆ. ಇದರಲ್ಲಿ ಅರ್ಧ ಸತ್ಯವಿದೆ. ಚಿಕ್ಕೋಡಿಯಲ್ಲಿ, ನಿಪ್ಪಾಣಿಯಲ್ಲಿ ಇಂಜಿನಿಯರಿಂಗ್ ಕಾಲೇಜು ಇದ್ದರೆ ಅವು ಖಾಸಗಿ ಸಂಸ್ಥೆಗಳವೇ. ಅಲ್ಲಿ ಕಲಿತು ಅನ್ನ ಉಣ್ಣುತ್ತಿರುವ ನಮ್ಮ ಮಕ್ಕಳಿದ್ದಾರೆ, ಕಲಿಸುವ ಪ್ರಾಮಾಣಿಕ ಅಧ್ಯಾಪಕರಿದ್ದಾರೆ. ಅವರ ಮೇಲೆ ನಮಗೆ ಸಿಟ್ಟಿಲ್ಲ. ಸಿಟ್ಟು ಇರುವುದು, ತಾನು ಮಾಡಬೇಕಾದ ಕೆಲಸವನ್ನು ಪರರ ಹೆಗಲಿಗೆ ಹೊರಿಸಿ, ಅದರ ಕೂಲಿಯನ್ನು ಬಡವನಿಂದ ವಸೂಲು ಮಾಡಿಸುವ ಸರಕಾರದ ಮೇಲೆ.

"ರೊಕ್ಕ ಇಲ್ಲ" ಎನ್ನುತ್ತಾರೆ ಮಂತ್ರಿ ಮಹಾಶಯರು. 2023ರ ಜೂನಿನಿಂದ ರಾಜ್ಯದ ಹೆಣ್ಣುಮಕ್ಕಳು ಸರಕಾರಿ ಬಸ್ಸಿನಲ್ಲಿ ಟಿಕೇಟಿಲ್ಲದೆ ಪ್ರವಾಸ ಮಾಡುತ್ತಿದ್ದಾರೆ. ಅದನ್ನು ಮಾಡುವ ಮುನ್ನವೂ ರೊಕ್ಕ ಇಲ್ಲ ಎಂದೇ ಅನ್ನುತ್ತಿದ್ದರು. ಮನಸ್ಸು ಬಂದಾಗ ರೊಕ್ಕವೂ ಬಂತು. ಹುಡುಗಿಯನ್ನು ಕಾಲೇಜಿನ ಗೇಟಿನವರೆಗೆ ಪುಕ್ಕಟೆ ತಂದು ಬಿಡಲು ಬರುವ ಸರಕಾರಕ್ಕೆ ಗೇಟಿನ ಒಳಗೆ ಕರೆದೊಯ್ಯಲು ಏಕೆ ಬರುವುದಿಲ್ಲ?

"ಸೀಟುಗಳೇ ಖಾಲಿ ಉಳಿಯುತ್ತಿವೆ, ಇನ್ನೂ ಕಾಲೇಜು ಯಾಕೆ?" ಎಂಬುದು ಮೂರನೆಯ ವಾದ. ಹೌದು, ಪ್ರತಿ ವರ್ಷ ರಾಜ್ಯದಲ್ಲಿ ಸಾವಿರಾರು ಇಂಜಿನಿಯರಿಂಗ್ ಸೀಟು ಖಾಲಿ ಉಳಿಯುತ್ತವೆ. ಬಾಜಾರದ ನಿಯಮ ಏನು ಹೇಳುತ್ತದೆ? ಮಾಲು ಹೆಚ್ಚಾದರೆ ದರ ಇಳಿಯಬೇಕು. ಕಿರಾಣಿ ಅಂಗಡಿಯವರೇ, ನಿಮಗೆ ಈ ನಿಯಮ ಬೇರೆ ಯಾರೂ ಕಲಿಸಬೇಕಾಗಿಲ್ಲ. ನಿಮ್ಮ ಅಂಗಡಿಯಲ್ಲಿ ಬೆಲ್ಲ ಉಳಿದರೆ ದರ ಇಳಿಸುತ್ತೀರಿ. ಇವರ ಅಂಗಡಿಯಲ್ಲಿ ಸೀಟು ಉಳಿದರೂ ದರ ಏರುತ್ತದೆ! ಖಾಲಿ ಇರುವುದು ದುಬಾರಿ ಸೀಟು, ದೂರದ ಸೀಟು, ಅಧ್ಯಾಪಕರಿಲ್ಲದ ಸೀಟು. ಇಲ್ಲದಿರುವುದು ಬಡವನ ಕೈಗೆ ಎಟುಕುವ ಸೀಟು.

ಹಾವೇರಿಯಲ್ಲಿ, ಕಾರವಾರದಲ್ಲಿ, ರಾಯಚೂರಿನಲ್ಲಿ ಸರಕಾರಿ ಇಂಜಿನಿಯರಿಂಗ್ ಕಾಲೇಜುಗಳಿವೆ. ಅವು ಇರಲಿ, ಬೆಳೆಯಲಿ. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲೂಕುಗಳನ್ನು ಜಾಲಾಡಿದರೂ ಅಂಥದೊಂದು ಕಾಲೇಜು ಸಿಗುವುದಿಲ್ಲ. ರಾಜ್ಯದ ಹೆಚ್ಚಿನ ಇಂಜಿನಿಯರಿಂಗ್ ಕಾಲೇಜುಗಳಿಗೆ ತಾಯಿಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 1998ರಿಂದ ನಮ್ಮ ಬೆಳಗಾವಿಯಲ್ಲೇ ಕೂತಿದೆ. ದೀಪದ ಬುಡದಲ್ಲೇ ಕತ್ತಲೆ! ಕೃಷ್ಣೆಯ ನೀರು, ಈ ನೆಲದ ಕಬ್ಬು, ನಿಪ್ಪಾಣಿಯ ತಂಬಾಕು ಇವುಗಳಿಂದ ತೆರಿಗೆ ಎಣಿಸುವಾಗ ನಮ್ಮ ಐದು ತಾಲೂಕು ನೆನಪಾಗುತ್ತದೆ. ಕಾಲೇಜು ಹಂಚುವಾಗ ಮರೆತುಹೋಗುತ್ತದೆ.

ಹೆಣ್ಣು ಕೂಸಿನ ಪ್ರಶ್ನೆ

ದೂರ ಎಂಬುದು ಗಂಡುಹುಡುಗನಿಗೆ ಬರೇ ಖರ್ಚು. ಹುಡುಗಿಗೆ ಅದು ಗೋಡೆ. ನಮ್ಮ ಸಂಗಾತಿಯ ಮನೆಯಲ್ಲಿ ಸರಕಾರಿ ಸೀಟಿನ ಕಾಗದ ಬಂದ ದಿನವೇ ಬೀಗರು ಶುರು ಮಾಡಿದರು: "ಅಷ್ಟ ದೂರ ಹೆಣ್ಣಹುಡುಗೀನ ಯಾಕ ಕಳಸ್ತಿ? ಬಿ.ಎಸ್ಸಿ. ಮಾಡ್ಸು, ಎರಡ ವರ್ಷಕ್ಕ ಲಗ್ನ ಮಾಡು." ಅವರನ್ನು ಬೈದು ಪ್ರಯೋಜನವಿಲ್ಲ. ವಸತಿ ನಿಲಯದಲ್ಲಿ ಜಾಗ ಸಿಗುತ್ತದೋ ಇಲ್ಲವೋ ಎಂದು ಯಾರೂ ಖಾತ್ರಿ ಹೇಳದಿದ್ದಾಗ ತಾಯಿತಂದೆ ಹೆದರುವುದು ಸಹಜ. ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಎಂದು ತಿಂಗಳಿಗೆ 1,500 ರೂಪಾಯಿ ಗೊತ್ತುಮಾಡಿದರು. ಪಟ್ಟಣದಲ್ಲಿ ಅದಕ್ಕೆ ಒಂದು ಹೊತ್ತಿನ ಊಟ ಸಿಕ್ಕೀತು, ತಲೆಯ ಮೇಲೆ ಸೂರು ಸಿಗದು. ಸರಕಾರ ಸೀಟು ಕೊಟ್ಟು ವಸತಿ ಕೊಡದಿದ್ದರೆ ಹುಡುಗಿಗೆ ಸೀಟೇ ಕೊಡಲಿಲ್ಲ ಎಂದೇ ಅರ್ಥ.

ಇನ್ನೊಂದು ಗೋಡೆ ಭಾಷೆಯದು. ಹತ್ತು ವರ್ಷ ಕನ್ನಡದಲ್ಲಿ ಓದಿದ ಕೂಸಿನ ಮುಂದೆ ಮೊದಲ ದಿನವೇ ಇಂಗ್ಲಿಷಿನ ಗುಡ್ಡ ನಿಲ್ಲುತ್ತದೆ. ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಬಹುದೆಂದು 2021ರಲ್ಲಿ ಎ.ಐ.ಸಿ.ಟಿ.ಇ. ಒಪ್ಪಿಗೆ ಕೊಟ್ಟಿತು. ಒಪ್ಪಿಗೆ ಕೊಟ್ಟರೆ ಸಾಲದು. ಪುಸ್ತಕ ಬೇಕು, ಕಲಿಸುವವರು ಬೇಕು, ಆ ಪದವಿಗೆ ನೌಕರಿಯಲ್ಲಿ ಮಾನ ಬೇಕು. ಲೋಹಿಯಾ ಅವರು ಎಲ್ಲರಿಗೂ ಒಂದೇ ಬಗೆಯ ಶಿಕ್ಷಣ, ಜನರ ಭಾಷೆಯಲ್ಲಿ ಶಿಕ್ಷಣ ಎಂದು ಕೂಗಿದ್ದು ಇದಕ್ಕಾಗಿಯೇ.

ಈ ವರ್ಷದ ಪಾಲಕರಿಗೆ ನಾಲ್ಕು ಮಾತು

ಹೋರಾಟ ಗೆಲ್ಲುವವರೆಗೆ ಮಕ್ಕಳ ವಯಸ್ಸು ಕಾಯುವುದಿಲ್ಲ. ಆದ್ದರಿಂದ ನಮ್ಮ ಸಂಗಾತಿಗೆ ಹೇಳಿದ್ದನ್ನೇ ಎಲ್ಲರಿಗೂ ಹೇಳುತ್ತೇವೆ.

ಒಂದು: ನಾಲ್ಕು ವರ್ಷದ ಪೂರ್ತಿ ಲೆಕ್ಕವನ್ನು ಕಾಗದದ ಮೇಲೆ ಕೇಳಿರಿ. ಮೊದಲ ವರ್ಷದ ಶುಲ್ಕ ತೋರಿಸಿ ತರಬೇತಿ ಶುಲ್ಕ, ಆ ಶುಲ್ಕ, ಈ ಶುಲ್ಕ ಎಂದು ಆಮೇಲೆ ಸುಲಿಯುವವರಿದ್ದಾರೆ. ರಸೀದಿ ಇಲ್ಲದೆ ಒಂದು ಪೈಸೆಯೂ ಕೊಡಬೇಡಿರಿ. ದಲಾಲನ ಮನೆಗೆ ಹೋಗಲೇಬೇಡಿರಿ.

ಎರಡು: ನಿಮ್ಮ ಹಕ್ಕುಗಳನ್ನು ತಿಳಿಯಿರಿ. ಒಂದರಿಂದ ಹತ್ತರವರೆಗೆ ಹಳ್ಳಿಯ ಸಾಲಿಯಲ್ಲಿ ಓದಿದವರಿಗೆ ನೂರಕ್ಕೆ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ 5 ಮೀಸಲು ಉಂಟು. ಸಾಲಿಯ ದಾಖಲೆಗೆ ಶಿಕ್ಷಣಾಧಿಕಾರಿಯ ರುಜು ಬೇಕು, ಮೊದಲೇ ಮಾಡಿಸಿಟ್ಟುಕೊಳ್ಳಿರಿ. ವರ್ಷದ ಆದಾಯ ಎಂಟು ಲಕ್ಷದ ಒಳಗಿದ್ದ ಮನೆಯವರಿಗೆ ಎಸ್.ಎನ್.ಕ್ಯು. ಎಂಬ ಹೆಚ್ಚುವರಿ ನೂರಕ್ಕೆ 5 ಸೀಟುಗಳಿವೆ. ಅವಕ್ಕೆ ಬೋಧನಾ ಶುಲ್ಕವಿಲ್ಲ. ಎಷ್ಟೋ ಕಾಮಗಾರರಿಗೆ ಇದರ ಹೆಸರೇ ಗೊತ್ತಿಲ್ಲ.

ಮೂರು: ಕಾಲೇಜಿನವರು ಹೇಳುವ "ಅತಿ ಹೆಚ್ಚಿನ ಪಗಾರ" ಒಬ್ಬನದು. ನಡುವಿನ ಹುಡುಗನಿಗೆ ಎಷ್ಟು ಸಿಕ್ಕಿತು, ನೂರರಲ್ಲಿ ಎಷ್ಟು ಜನಕ್ಕೆ ನೌಕರಿ ಸಿಕ್ಕಿತು ಎಂದು ಕೇಳಿರಿ. ಕೇಂದ್ರದ ಎನ್.ಐ.ಆರ್.ಎಫ್. ಶ್ರೇಯಾಂಕಕ್ಕೆ ಅರ್ಜಿ ಹಾಕಿದ ಕಾಲೇಜುಗಳು ಈ ಅಂಕಿಗಳನ್ನು ಕೊಡಲೇಬೇಕು. ನಿಮ್ಮ ಮಗ ಸೇರುವ ವಿಭಾಗಕ್ಕೇ ಎನ್.ಬಿ.ಎ. ಮಾನ್ಯತೆ ಇದೆಯೇ ನೋಡಿರಿ. ಮತ್ತು ಎಲ್ಲರೂ ಕಂಪ್ಯೂಟರ್ ಎಂದರೆಂದು ನೀವೂ ಓಡಬೇಡಿರಿ. ಒಳ್ಳೆಯ ಕಾಲೇಜುಗಳ ಸೀಟಿನ ಮಿತಿಯನ್ನು 2024ರಲ್ಲಿ ತೆಗೆದ ಮೇಲೆ ಆ ವಿಭಾಗ ಜಾತ್ರೆಯಾಗಿದೆ. ಸೇತುವೆ, ಕಾಲುವೆ, ವಿದ್ಯುತ್ತು, ಯಂತ್ರ ಇಲ್ಲದೆ ನಾಡು ನಡೆಯುವುದಿಲ್ಲ. 2019ರ ಮಹಾಪೂರ ಕಂಡ ಕೃಷ್ಣೆಯ ದಂಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕೆ?

ನಾಲ್ಕು: ಮೊದಲ ಸುತ್ತಿನಲ್ಲಿ ಸಿಕ್ಕಿದ್ದನ್ನು ಸಿಟ್ಟಿನಲ್ಲಿ ಬಿಡಬೇಡಿರಿ. ಸಿಕ್ಕ ಸೀಟನ್ನು ಕೈಯಲ್ಲಿ ಹಿಡಿದುಕೊಂಡೇ ಮೇಲಿನದಕ್ಕೆ ಕಾಯುವ ಎರಡನೆಯ ಆಯ್ಕೆ ಉಂಟು. ಇನ್ನು ಎಸ್.ಎಸ್.ಎಲ್.ಸಿ. ಮುಗಿಸಿದ ಮಕ್ಕಳಿದ್ದರೆ ಪಾಲಿಟೆಕ್ನಿಕ್ಕಿನ ಹಾದಿ ನೆನಪಿರಲಿ: ಮೂರು ವರ್ಷದ ಡಿಪ್ಲೊಮಾ ಮಾಡಿ, ಡಿ.ಸಿ.ಇ.ಟಿ. ಬರೆದು, ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರ ಸೇರಬಹುದು. ಖರ್ಚು ಕಡಿಮೆ, ಕೈಗೆ ಕಸುಬೂ ಬರುತ್ತದೆ.

ಹೊಲ ಮಾರಿ ಸೀಟು ಕೊಳ್ಳಬೇಡಿರಿ. ಇದು ನಮ್ಮ ಖಚಿತ ಮಾತು. ನೆಲ ಹೋದ ಮೇಲೆ ಪದವಿ ಸೋತರೆ ನಿಲ್ಲಲು ಜಾಗವಿಲ್ಲ.

ಬೇಡಿಕೆ

ಆ ಸಂಜೆ ಸಂಗಾತಿಯ ಜೊತೆ ಮಗಳೂ ಬಂದಿದ್ದಳು. ಲೆಕ್ಕವನ್ನೆಲ್ಲ ಕೇಳಿ ಅವಳೇ ಹೇಳಿದಳು: "ಅಪ್ಪಾ, ಸರಕಾರಿದ್ದ ತಗೋಳೋಣು. ಸಿವಿಲ್ ಓದ್ತೀನಿ. ಖೋಲಿ ಸಿಗೂತನಾ ಆ ಊರಾಗ ನಮ್ಮ ಅತ್ತಿ ಗುರ್ತಿನವರ ಮನ್ಯಾಗ ಇರ್ತೀನಿ." ಮರುದಿನ ಶುಲ್ಕ ಕಟ್ಟಿದರು. ಅವಳ ಧೈರ್ಯಕ್ಕೆ ನಮ್ಮ ಸಲಾಮು. ಆದರೆ ಹದಿನೆಂಟರ ಹುಡುಗಿಯ ಧೈರ್ಯದ ಮೇಲೆ, ಪರರ ಮನೆಯ ದಯೆಯ ಮೇಲೆ ನಡೆಯಬೇಕಾದ ಶಿಕ್ಷಣ ವ್ಯವಸ್ಥೆ ನಾಚಿಕೆಗೇಡಿನದು. ಅತ್ತೆಯ ಗುರುತಿನವರು ಇಲ್ಲದ ಹುಡುಗಿ ಏನು ಮಾಡಬೇಕು?

ಆದ್ದರಿಂದ ನಾವು ಕೇಳುತ್ತೇವೆ. ಈ ಐದು ತಾಲೂಕುಗಳ ನಡುವೆ ಒಂದು ಸರಕಾರಿ ಇಂಜಿನಿಯರಿಂಗ್ ಕಾಲೇಜು ಬೇಕು. ಕಟ್ಟಡ ಮಾತ್ರವಲ್ಲ, ಖಾಯಂ ಅಧ್ಯಾಪಕರು ಬೇಕು. ಅತಿಥಿ ಉಪನ್ಯಾಸಕರನ್ನು ಹಂಗಾಮಿ ಕಾಮಗಾರರಂತೆ ದುಡಿಸಿ ಕಾಲೇಜು ನಡೆಸುವ ಪದ್ಧತಿ ನಿಲ್ಲಬೇಕು. ಸಿ.ಇ.ಟಿ.ಯಲ್ಲಿ ಸೀಟು ಸಿಕ್ಕ ಪ್ರತಿ ಹುಡುಗಿಗೆ ಸೀಟಿನ ಕಾಗದದ ಜೊತೆಗೇ ವಸತಿಯ ಕಾಗದವೂ ಬರಬೇಕು. ಖಾಸಗಿ ಕಾಲೇಜಿನ ಸರಕಾರಿ ಪಾಲಿನ ಸೀಟಿನ ಶುಲ್ಕವನ್ನು ದುಡಿಯುವವರ ಮಕ್ಕಳ ಪರವಾಗಿ ಸರಕಾರ ಕಟ್ಟಬೇಕು. 1984ರ ಕಾಯಿದೆಯನ್ನು ಕಪಾಟಿನಿಂದ ಹೊರಗೆ ತೆಗೆಯಬೇಕು.

ಬೇಡಿದರೆ ಸಿಗುವುದಿಲ್ಲ, ಕೂಡಿದರೆ ಸಿಗುತ್ತದೆ. 1951ರಲ್ಲಿ ಕಾಗೋಡಿನ ಗೇಣಿದಾರರು ಕೂಡಿದರು. 1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ರಸ್ತೆಯ ಮೇಲೆ ಕೂತರು, ಗುಂಡಿಗೆ ಜೀವ ಕೊಟ್ಟರು. 2025ರಲ್ಲಿ ಗುರ್ಲಾಪುರದಲ್ಲಿ ಕಬ್ಬಿನವರು ಕೂತರು. ಕಬ್ಬಿನ ದರಕ್ಕೆ ಕೂತ ನಾವು ಮಕ್ಕಳ ವಿದ್ಯೆಯ ದರಕ್ಕೆ ಒಂದು ದಿನವಾದರೂ ಕೂತಿದ್ದೇವೆಯೇ?

ಮುಂದಿನ ಗ್ರಾಮಸಭೆಯಲ್ಲಿ ನಿಮ್ಮ ಊರಿನಿಂದ ಒಂದು ಠರಾವು ಪಾಸಾಗಲಿ. ಗಿರಣಿಯ ಗೇಟ್ ಸಭೆಯಲ್ಲಿ, ವ್ಯಾಪಾರಸ್ಥರ ಸಂಘದಲ್ಲಿ ಅದೇ ಠರಾವು ಆಗಲಿ. ಪ್ರತಿಗಳನ್ನು ತಹಶೀಲ್ದಾರರಿಗೆ, ಶಾಸಕರಿಗೆ, ನಮ್ಮ ಕಚೇರಿಗೆ ಕಳಿಸಿರಿ. ಮೊದಲ ಠರಾವು ದಿಗ್ಗೇವಾಡಿಯಿಂದಲೇ ಬರಲಿ.